ಅಕ್ಕನ ಮೂಗು ಮತ್ತು ಇದ್ದಿಲ ಡಬ್ಬಿ

ಇವತ್ತು ಮುಂಜಾನೆ ನಮ್ಮ ಓಣಿಗೆ ಭಂಗಾರದವನ ಟೆಂಪೋ ಬಂತು. ಅವಸರದಲ್ಲಿ ಇದನ್ನು ಬಂಗಾರ ಎಂದು ಓದಿಕೊಳ್ಳಬೇಡಿ. ಇದು ಹೊಟ್ಟೆ ಸೀಳಿದ ಭಕಾರದ ಭಂಗಾರ. ಅಂದರೆ ಗುಜರಿ, ತುಕ್ಕು ಹಿಡಿದ ಕಬ್ಬಿಣ, ಒಡೆದ ಕೊಡ, ಓದಿ ಮುಗಿದ ಪೇಪರು. ಮಾತು ಮರಾಠಿಯದು. ಆದರೆ ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲೂಕಿನ ನಮ್ಮಂಥ ಕನ್ನಡದವರ ಬಾಯಲ್ಲಿ ಅದು ಯಾವಾಗಲೋ ಮನೆಮಾತಾಗಿಬಿಟ್ಟಿದೆ. ಟೆಂಪೋದ ಸ್ಪೀಕರು ಕೂಗಿದ ಕೂಡಲೇ ನನ್ನ ಹೆಂಡತಿ ಮನೆಯಲ್ಲಿದ್ದ ಮುರುಕು ಸಾಮಾನನ್ನೆಲ್ಲ ಕಟ್ಟೆಯ ಮೇಲೆ ತಂದು ಹಾಕಿದಳು. ಕೊನೆಗೆ ಪಡಸಾಲೆಯ ಗೂಡಿನಲ್ಲಿದ್ದ ಒಂದು ಕರಿ ಡಬ್ಬಿಯನ್ನು ಎತ್ತಿ ಹಿಡಿದು ಕೇಳಿದಳು.

"ಇದನ್ನೂ ಭಂಗಾರಕ್ಕ ಹಾಕ್ಲೇನ್ರಿ? ಎರಡು ವರ್ಷಾತು, ಧೂಳಾ ತಿನಕೋಂತ ಕುಂತೈತಿ."

ನಾನು ಚಹದ ಕಪ್ಪು ಕೆಳಗಿಟ್ಟು ಎದ್ದುಹೋಗಿ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. "ಇರ್ಲಿ ಬಿಡು, ಬೇಕು" ಎಂದೆ. "ಯಾತಕ್ಕ ಬೇಕು?" ಎಂದಳು. ಒಳಗೆ ಅಕ್ಕನ ತಾಟಿನಲ್ಲಿ ರೊಟ್ಟಿ ಹಾಗೇ ಉಳಿದದ್ದನ್ನು ನಾನು ಆಗಲೇ ನೋಡಿದ್ದೆ, ಮತ್ತು ನೋಡದವನಂತೆ ಹೊರಗೆ ಬಂದು ಚಹ ಕುಡಿಯುತ್ತ ಕುಳಿತಿದ್ದೆ.

ಇದನ್ನು ಎಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ನನಗೆ ಎರಡು ಮೂರು ತಾಸು ಕಾಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ನಿಮಗೂ ಪುರುಸೊತ್ತಿದ್ದರೆ ಸ್ವಲ್ಪ ಸರಿದು ಜಾಗ ಮಾಡುತ್ತೇನೆ, ಕುಳಿತುಕೊಳ್ಳಿ.

ಆ ಡಬ್ಬಿ ನಮ್ಮ ಹಳೆಯ ಕಾರಿನದು. ಅಂಗಡಿಯಲ್ಲಿ ಚಹಾಪುಡಿ ತುಂಬಿಡುವ ಡಬ್ಬಿಯಷ್ಟು ದಪ್ಪ, ಮೇಲೆ ಮೂರು ಮೂತಿ. ಮೂತಿಗೆ ರಬ್ಬರಿನ ಪೈಪು ಸಿಕ್ಕಿಸಿರುತ್ತಾರೆ. ಒಳಗೆ ಬರೀ ಇದ್ದಿಲು. ಟಾಕಿಯಲ್ಲಿರುವ ಪೆಟ್ರೋಲು ಬಿಸಿಲಿಗೆ ಆವಿಯಾಗುತ್ತದಲ್ಲ, ಆ ಆವಿ ಹೊರಗೆ ಹೋಗಿ ಗಾಳಿ ಕೆಡಿಸದಂತೆ ಈ ಇದ್ದಿಲು ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಎಂಜಿನ್ನು ಓಡುವಾಗ ಅದನ್ನು ಎಳೆದುಕೊಂಡು ಸುಟ್ಟುಹಾಕುತ್ತದೆ. ಇಷ್ಟೇ ಅದರ ಕೆಲಸ. ಆರು ವರ್ಷ ಆ ಗಾಡಿ ಓಡಿಸಿದರೂ ಅದರ ಹೊಟ್ಟೆಯಲ್ಲಿ ಹೀಗೊಂದು ಡಬ್ಬಿ ಇದೆಯೆಂಬುದು ನನಗೆ ಗೊತ್ತಿರಲಿಲ್ಲ. ಗಾಡಿಯೂ ಸಣ್ಣದಲ್ಲ, ವಯಸ್ಸಿನಲ್ಲಿ ಹೇಳುತ್ತಿದ್ದೇನೆ. ನಾನು ಕೊಳ್ಳುವಾಗಲೇ ಅದು ಇಬ್ಬರು ಮಾಲಕರನ್ನು ಕಂಡಿತ್ತು.

ಇನ್ನು ಅಕ್ಕನ ಮೂಗು. ಗೌರಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಬೆಳುಂಕಿಯ ಅಂಗನವಾಡಿಯಲ್ಲಿ ಬಾಯಾರಾಗಿ, ಅಂದರೆ ಟೀಚರಾಗಿ ದುಡಿದವಳು. ಮದುವೆಯ ಮಾತು ಎತ್ತಿದವರಿಗೆಲ್ಲ "ನನಗ ಆಗ್ಲೇ ನಲವತ್ತು ಮಕ್ಕಳದಾವ" ಎಂದು ಹೇಳಿ ಕಳಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ನಮ್ಮೂರಾದ ಉಟಗಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ಹಾಲು ಒಡೆಯುವುದು ಅವಳಿಗೆ ಒಂದು ತಾಸು ಮೊದಲೇ ತಿಳಿಯುತ್ತದೆ. ಅಂಗನವಾಡಿಯ ಖಿಚಡಿ ತಳ ಹಿಡಿಯುವ ಮುನ್ನವೇ ಎಲ್ಲಿದ್ದರೂ ಓಡಿಬಂದು ಬೆಂಕಿ ತಗ್ಗಿಸುತ್ತಿದ್ದಳಂತೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಶೇಂಗಾ ಹುರಿಯುತ್ತಿದ್ದರೆ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುವ ಅಕ್ಕ ಅಲ್ಲಿಂದಲೇ "ಸಾಕವ್ವಾ, ಇಳಸು" ಎನ್ನುತ್ತಾಳೆ. ನಾನು ಕಾಲೇಜಿನಲ್ಲಿದ್ದಾಗ ಸೇದಿದ ಒಂದೇ ಒಂದು ಬೀಡಿಯನ್ನು ಮೂರು ದಿನದ ಮೇಲೆ, ಅದೂ ತೊಳೆದ ಅಂಗಿಯಲ್ಲಿ ಹಿಡಿದಳು. ಅಂದಿನಿಂದ ಬೀಡಿಯ ವಿಚಾರ ನಾನು ಬಿಟ್ಟೆ.

ನನ್ನ ಮೂಗಿನ ಕತೆ ಬೇರೆ. ಮನೆಮನೆಗೆ ಜ್ವರ ಬಂದ ಆ ವರ್ಷ ನನಗೂ ಬಂತು, ಹೋಗುವಾಗ ವಾಸನೆಯನ್ನು ಕರೆದುಕೊಂಡು ಹೋಯಿತು. ಎಲ್ಲರಿಗೂ ತಿಂಗಳೆರಡು ತಿಂಗಳಲ್ಲಿ ವಾಪಸು ಬಂದದ್ದು ನನಗೆ ಇಂದಿಗೂ ಬಂದಿಲ್ಲ. ಊದುಬತ್ತಿ, ದನದ ಹೆಂಡಿ, ಮಳೆ, ಮಲ್ಲಿಗೆ ಎಲ್ಲ ನನಗೆ ಒಂದೇ. ನನ್ನ ಮೂಗಿಗೆ ಈಗ ಉಳಿದಿರುವ ಕೆಲಸ ಚಸ್ಮಾ ಹೊರುವುದು ಮಾತ್ರ. ನಾನು ಕಲಿಸುವ ಶಾಲೆಯಲ್ಲಿ ಹುಡುಗರು ಡಬ್ಬಿಯಲ್ಲಿ ಏನು ತಂದಿದ್ದಾರೆ ಎಂದು ಊಹಿಸುವ ಸುಖವೂ ಹೋಯಿತು.

ಎರಡು ವರ್ಷದ ಹಿಂದೆ ಅಕ್ಕನ ಕಾಲು ಬಾತವು. ವಿಜಯಪುರದ ದವಾಖಾನೆಯಲ್ಲಿ ತೋರಿಸಿದಾಗ ಕಿಡ್ನಿಯ ಕೆಲಸ ಮಂದವಾಗಿದೆ ಎಂದರು. ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬರಲು ಹೇಳಿದರು. ಎರಡನೆಯ ಸಲ ಹೋದಾಗ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದರು.

"ಸದ್ಯ ಗುಳಿಗಿ ಮ್ಯಾಲ ನಡೀತೈತ್ರಿ ಸರ್. ಆದ್ರ ಮೂಗಿನ್ಯಾಗ, ಬಾಯ್ಯಾಗ ಏನರ ಕೆಟ್ಟ ವಾಸನಿ ಬರಾಕತ್ತೈತಿ ಅಂದ್ರ, ಊಟಾ ಸೇರವಲ್ದು ಅಂದ್ರ, ತಡಾ ಮಾಡಬ್ಯಾಡ್ರಿ. ಆವಾಗ ಮಶೀನಿಗಿ ಹಚ್ಚಬೇಕಾಗ್ತೈತಿ."

ಮಶೀನಿಗೆ ಹಚ್ಚುವುದೆಂದರೆ ಡಯಾಲಿಸಿಸ್. ಅದರ ಕೋಣೆಯ ಬಾಗಿಲು ತೆರೆದಿದ್ದಾಗ ಅಕ್ಕ ಒಮ್ಮೆ ಒಳಗೆ ಇಣುಕಿ ನೋಡಿದ್ದಳು. ಅವತ್ತು ಮರಳುವಾಗ, ಊರು ಹತ್ತಿರವಾದಾಗ "ಹಂಗ ನಳಿಗಿ ಚುಚ್ಚಿಸ್ಕೊಂಡು ತಾಸಗಟ್ಲೆ ಬಿದ್ಕೊಳ್ಳೂದು ನನ್ನ ಕೈಲೆ ಆಗೂದಿಲ್ಲ ತಮ್ಮಾ" ಎಂದಷ್ಟೇ ಹೇಳಿದ್ದಳು. ಹೀಗಾಗಿ ಡಾಕ್ಟರು ಹೇಳಿದ ಮಾತನ್ನು ನಾನು ಅವಳಿಗಾಗಲಿ, ಹೆಂಡತಿಗಾಗಲಿ ಹೇಳಲಿಲ್ಲ. ಒಬ್ಬನೇ ಹೊತ್ತುಕೊಂಡು ತಿರುಗಿದೆ. ಅವಳು ಊಟಕ್ಕೆ ಕುಳಿತರೆ ನಾನು ಎದುರಿಗೆ ಕುಳಿತು ಎಷ್ಟು ತುತ್ತು ಉಂಡಳೆಂದು ನೋಡುತ್ತಿದ್ದೆ. "ನನ್ನ ಮಾರಿ ಮ್ಯಾಲ ಏನೈತೋ?" ಎಂದು ಬೈಸಿಕೊಳ್ಳುತ್ತಿದ್ದೆ.

ಈ ನಡುವೆ ನಮ್ಮ ಕಡೆಯ ಒಂದು ರೂಢಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟರೆ ಪೆಟ್ರೋಲು ನಮ್ಮದಕ್ಕಿಂತ ಅಗ್ಗ. ಆ ಕಡೆಯ ಮೊದಲ ಪಂಪಿನಲ್ಲಿ ಯಾವಾಗ ನೋಡಿದರೂ ಮಹಾರಾಷ್ಟ್ರದ ನಂಬರಿನ ಗಾಡಿಗಳದೇ ಸಾಲು. ಅಲ್ಲಿಗೆ ಹೋಗಿ ಟಾಕಿಯನ್ನು ಕಂಠಮಟ ತುಂಬಿಸಿಕೊಳ್ಳದೆ ಬಂದವನನ್ನು ನಮ್ಮೂರಲ್ಲಿ ಯಾರೂ ಶಾಣ್ಯಾ ಎನ್ನುವುದಿಲ್ಲ. ಟಾಕಿ ತುಂಬಿದರೆ ಪಂಪಿನ ನಳಿಗೆ ತಾನಾಗಿಯೇ ಟಕ್ ಎಂದು ನಿಲ್ಲುತ್ತದೆ. ನಮ್ಮವರು ಅಲ್ಲಿಗೆ ಬಿಡುತ್ತಾರೆಯೇ? ಗಾಡಿಯ ಬೆನ್ನು ಹಿಡಿದು ಜಗ್ಗಾಡಿ, ಒಳಗಿನ ಗುಳ್ಳೆ ಇಳಿಸಿ, ಪೆಟ್ರೋಲು ಮೂತಿಯಲ್ಲಿ ಮಿಂಚುವವರೆಗೂ ಹಾಕಿಸುತ್ತಾರೆ. ತಪ್ಪು ಪೆಟ್ರೋಲಿನದಲ್ಲ, ನಮ್ಮ ಪಂಕ್ತಿಯದು. ಬೀಗರ ಊಟದಲ್ಲಿ ಸಾಕು ಎಂದವನ ಎಲೆಗೆ ಇನ್ನೊಂದು ಹೋಳಿಗೆ ಬೀಳಲೇಬೇಕು. ಕೈ ಅಡ್ಡ ಹಿಡಿದರೆ ಕೈಮೇಲೆಯೇ ತುಪ್ಪ. ಮೊದಲ ಸಾಕು ಮರ್ಯಾದೆಗೆ ಹೇಳಿದ್ದು, ಎರಡನೆಯದು ಸಂಕೋಚಕ್ಕೆ, ಮೂರನೆಯದಷ್ಟೇ ನಿಜ ಎಂದು ನಾವು ಹುಟ್ಟಿನಿಂದ ತಿಳಿದವರು. ಪಂಪಿನ ಟಕ್ ನಮ್ಮ ಲೆಕ್ಕದಲ್ಲಿ ಮೊದಲ ಸಾಕು. ನಾನು ಗುರುಜಿಯಾದರೂ ಈ ವಿಷಯದಲ್ಲಿ ಊರಿನವನೇ. ಬರುವಾಗ ದವಾಖಾನೆಯ ತಲೆಬಿಸಿಯಲ್ಲಿ ಮರೆತುಹೋದರೆ ಎಂದು ಹೋಗುವಾಗಲೇ ಕಂಠಮಟ ಹಾಕಿಸುತ್ತಿದ್ದೆ.

ಮೂರನೆಯ ಸಲ ಹಾಗೆಯೇ ಹಾಕಿಸಿಕೊಂಡು ಹೊರಟಿದ್ದೆವು. ಪಂಪು ಬಿಟ್ಟು ಸ್ವಲ್ಪ ದೂರ ಹೋಗಿರಬೇಕು, ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಏನೋ ಒಂದು ವಾಸನಿ ಬರಾಕತ್ತೈತಲೋ ತಮ್ಮಾ."

ನಾನು ಗಾಡಿಯನ್ನು ಸಾವಕಾಶ ಮಾಡಿದೆ. "ಎಂಥಾ ವಾಸನಿ?"

"ಎಂಥಾದ್ದಂತ ಹೇಳ್ಲಿ. ಪೆಟ್ರೋಲಿನಂಗೂ ಅನಸ್ತೈತಿ, ಔಷಧದಂಗೂ ಅನಸ್ತೈತಿ. ಬಾಯ್ಯಾಗ ಬಂದು ಕುಂತಂಗಾಗೈತಿ."

ಬೀಡಿಯ ವಾಸನೆಯನ್ನು ಮೂರು ದಿನದ ಮೇಲೂ ಹಿಡಿದವಳು, ಈಗ ಎಂಥ ವಾಸನೆ ಎಂದು ಹೇಳಲಾರೆ ಎನ್ನುತ್ತಿದ್ದಳು. ನನಗೆ ಭಯವಾದದ್ದೇ ಅದಕ್ಕೆ. ನಾನು ಮೂಗು ಅರಳಿಸಿ ಎಳೆದೇ ಎಳೆದೆ. ಗಾಳಿ ಬಂತು, ಅಷ್ಟೇ. ಅವತ್ತು ಮನೆಗೆ ಬಂದು ಊಟಕ್ಕೆ ಕುಳಿತವಳು ಅರ್ಧ ರೊಟ್ಟಿ ತಿಂದು ತಾಟು ಸರಿಸಿದಳು. "ಸೇರವಲ್ದು" ಎಂದಳು. ಡಾಕ್ಟರು ಹೇಳಿದ್ದೂ ಅದೇ ಮಾತು, ಒಂದು ಅಕ್ಷರ ಹೆಚ್ಚುಕಡಿಮೆಯಿಲ್ಲ.

ಮರುದಿನ ಹೆಂಡತಿಯನ್ನು ಕರೆದು, ನಿಂತ ಗಾಡಿಯೊಳಗೆ ಕೂಡಿಸಿ, ವಾಸನೆ ನೋಡು ಎಂದೆ. ಅವಳು ನಾಲ್ಕೂ ದಿಕ್ಕಿಗೆ ಮೂಗು ತಿರುಗಿಸಿ, "ಏನೂ ಇಲ್ರಿ, ಗಾಡಿ ವಾಸನಿ ಗಾಡೀಗೈತಿ" ಎಂದು ಇಳಿದುಹೋದಳು. ನನಗೆ ಬೇಕಾದ ಉತ್ತರ ಅದಲ್ಲ. ನೋಡಿ, ವಾಸನೆ ಗಾಡಿಯದಾದರೆ ಅಕ್ಕ ಪಾರಾದಳು. ಗಾಡಿಯದಲ್ಲವಾದರೆ ಅದು ಅಕ್ಕನದು, ಮುಂದೆ ಮಶೀನು. ಜನ ತಮ್ಮ ಗಾಡಿ ಕೆಡದಿರಲಿ ಎಂದು ನಿಂಬೆಹಣ್ಣು ಕಟ್ಟುತ್ತಾರೆ. ದೇವರ ಮುಂದೆ ನಿಂತು ನನ್ನ ಗಾಡಿ ಕೆಟ್ಟಿರಲಪ್ಪ ಎಂದು ಬೇಡಿಕೊಂಡವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಆ ಭಾನುವಾರ ಜತ್ತಕ್ಕೆ, ಬಾಬು ಮಿಸ್ತ್ರಿಯ ಗ್ಯಾರೇಜಿಗೆ ಗಾಡಿ ಒಯ್ದೆ. ಬಾಬು ಮಿಸ್ತ್ರಿಯ ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ. ಎರಡೂ ಒಂದೇ ಡಬ್ಬಿಯ ನಟ್ಟು ಬೋಲ್ಟುಗಳಂತೆ ಅವನ ಬಾಯಲ್ಲಿ ಕೂಡಿಕೊಂಡಿರುತ್ತವೆ.

"ವಾಸ ಎಲ್ಲಿ ಐತ್ರಿ ಗುರುಜಿ?" ಎಂದ.

ಮರಾಠಿಯಲ್ಲಿ ವಾಸ ಎಂದರೆ ವಾಸನೆ. ಕನ್ನಡದಲ್ಲಿ ಮನೆ ಮಾಡಿಕೊಂಡು ಇರುವುದು. ಅವನು ಕೇಳಿದ್ದು ಮರಾಠಿಯ ವಾಸ, ನನಗೆ ಕೇಳಿಸಿದ್ದು ಎರಡೂ. ವಾಸನೆಯ ವಾಸ ಎಲ್ಲಿ, ಗಾಡಿಯಲ್ಲೋ ಅಕ್ಕನಲ್ಲೋ ಎಂದು ಕಂಡುಹಿಡಿಯಲೆಂದೇ ನಾನು ಅಲ್ಲಿಗೆ ಹೋಗಿದ್ದೆ.

"ನನಗ ತಿಳಿಯಂಗಿಲ್ಲ ಮಿಸ್ತ್ರಿ. ಜ್ವರದಾಗ ನನ್ನ ಮೂಗು ಹೋಗೇತಿ. ನೀವ ನೋಡ್ರಿ."

"ನನಗರ ಎಲ್ಲಿ ತಿಳೀಬೇಕ್ರಿ? ಮೂವತ್ತು ವರ್ಷಾತು ಪೆಟ್ರೋಲಿನ್ಯಾಗ ಕೈ ತೊಳಕೋಂತ ಬಂದೇನಿ. ನನ್ನ ಮೂಗಿಗಿ ಅದು ನೀರಿದ್ದಂಗ."

ಹೀಗೆ ಮೂಗಿಲ್ಲದ ನಾವಿಬ್ಬರು ವಾಸನೆ ಹುಡುಕಲು ಕುಳಿತೆವು. ಅವನು ಗಾಡಿಯ ಕೆಳಗೆ ಹೋಗಿ ಟಾಕಿ, ಪೈಪು, ಜೋಡಣೆಗಳನ್ನೆಲ್ಲ ಬೆರಳಿನಿಂದ ಸವರಿ ಸವರಿ ನೋಡಿದ. ಎದ್ದು ಬಂದು ಖುಷಿಯಿಂದಲೇ ಹೇಳಿದ.

"ಗಾಡಿ ಚಲೋ ಐತ್ರಿ ಗುರುಜಿ. ಎಲ್ಲೂ ಲೀಕ್ ಇಲ್ಲ."

"ಹಂಗ ಅನಬ್ಯಾಡ್ರಿ ಮಿಸ್ತ್ರಿ" ಎಂದೆ. ಅವನು ನನ್ನ ಮುಖ ನೋಡಿದ. ಹೆಂಡತಿಗೂ ಹೇಳದಿದ್ದನ್ನು ಆ ಎಣ್ಣೆ ಅಂಟಿದ ಸ್ಟೂಲಿನ ಮೇಲೆ ಕುಳಿತು ಅವನಿಗೆ ಹೇಳಿಬಿಟ್ಟೆ: ಡಾಕ್ಟರ ಮಾತು, ಸೆರಗು, ಅರ್ಧ ರೊಟ್ಟಿ, ಎಲ್ಲ. ಅವನು ಅರಿವೆಯಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದ. ಆಮೇಲೆ ತಾನೇ ಡಾಕ್ಟರನಂತೆ ಪ್ರಶ್ನೆ ಸುರುಮಾಡಿದ.

"ಪೆಟ್ರೋಲ್ ಹಾಕ್ಸಿದ ಮ್ಯಾಲ ಗಾಡಿ ಲಗೂನ ಚಾಲೂ ಆಗ್ತೈತೇನ್ರಿ?"

"ಇಲ್ಲ. ಮೂರು ನಾಕು ಸಲ ಕೀಲಿ ತಿರುವಬೇಕು."

"ಎಷ್ಟು ಹಾಕಸ್ತೀರಿ?"

"ಕಂಠಮಟ."

"ಟಕ್ ಅಂದ ಮ್ಯಾಲೂ?"

"ಟಕ್ ಅಂದ ಮ್ಯಾಲೇ ಖರೇ ಹಾಕ್ಸೂದು ಸುರು ಆಗ್ತೈತಲ್ರಿ."

ಬಾಬು ಮಿಸ್ತ್ರಿ ನಕ್ಕು ಬಾನೆಟ್ ಎತ್ತಿದ. ಎಂಜಿನ್ನಿನ ಹಿಂದೆ, ಮುಂಗಾಜಿನ ಬುಡದಲ್ಲಿ ಕೈ ಹಾಕಿ, ಪೈಪು ಕಳಚಿ ಒಂದು ಕರಿ ಡಬ್ಬಿಯನ್ನು ಹೊರಗೆ ತೆಗೆದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗುಳುಗುಳು ಎಂದಿತು. ಬೋರಲು ಮಾಡಿದಾಗ ಮೂತಿಯಿಂದ ಪೆಟ್ರೋಲು ಧಾರೆಯಾಗಿ ನೆಲಕ್ಕೆ ಬಿತ್ತು.

"ಇದು ಇದ್ದಲಿ ಡಬ್ಬಿ. ಇದರಾಗ ಬರೇ ಗಾಳಿ ಬರಬೇಕ್ರಿ. ನೀವು ಕಂಠಮಟ ಹಾಕ್ಸಿ ಹಾಕ್ಸಿ ಪೆಟ್ರೋಲನ್ನ ಇಲ್ಲೀಮಟಾ ತಂದೀರಿ. ಒಳಗಿನ ಇದ್ದಲಿ ತೊಯ್ದು ರಾಡಿ ಆಗೇತಿ. ಪಂಖಾ ಹಚ್ಚಿದ್ರ ಗಾಡ್ಯಾಗ ಗಾಳಿ ಬರೂ ಕಿಂಡಿನೂ ಇದರ ಬಾಜೂಕ ಐತಿ ನೋಡ್ರಿ."

ನಿಜ ಹೇಳುತ್ತೇನೆ, ನೆಲದ ಮೇಲಿನ ಆ ಒದ್ದೆಯನ್ನು ನೋಡಿ ನನ್ನ ಕಣ್ಣು ತುಂಬಿದವು. ಆದರೆ ಮಿಸ್ತ್ರಿ ಅಷ್ಟು ಬೇಗ ನನ್ನನ್ನು ಬಿಡಲಿಲ್ಲ. "ಬಾಯಾರಿಗಿ ಬರೂ ವಾಸ ಇದರದ ಅಂತ ನಾ ಬರದು ಕೊಡಂಗಿಲ್ಲ ಗುರುಜಿ. ಅದನ್ನ ಮೂಗಿದ್ದವ್ರ ಹೇಳಬೇಕು" ಎಂದ. ಡಬ್ಬಿ ಬದಲಿಸಿ ನೋಡಿದರೇ ತಿಳಿಯುವುದು. ಆದರೆ ಈ ಮಾದರಿಯ ಗಾಡಿ ಬರುವುದೇ ನಿಂತು ವರ್ಷಗಳಾಗಿದ್ದವು. ಹೊಸ ಡಬ್ಬಿ ಸಿಗುವುದಿಲ್ಲ, ಮಿರಜಿಯ ಭಂಗಾರದಲ್ಲಿ ಹುಡುಕಬೇಕು, ಅಲ್ಲಿಯವರೆಗೆ ಹಳೆಯದನ್ನೇ ಹಚ್ಚಿಕೊಡುತ್ತೇನೆ, ವಾಸ ಮಾತ್ರ ಹೋಗುವುದಿಲ್ಲ ಎಂದ.

ಎರಡು ದಿನ ಬಿಟ್ಟು, ಡಬ್ಬಿ ಸಿಕ್ಕಿದೆಯೆಂದು ಮಿಸ್ತ್ರಿಯ ಫೋನು ಬಂತು. ನಾನು ಪಡಸಾಲೆಯಲ್ಲಿ ನಿಂತು, ನಮ್ಮೂರ ಸಿಗ್ನಲ್ಲಿಗೆ ಬೇಕಾದಷ್ಟು ದೊಡ್ಡ ದನಿಯಲ್ಲಿ ಮಾತಾಡಿದೆ. "ಹೌದ್ರಿ, ಮಿರಜಿಗಿ ಭಂಗಾರದ ಅಂಗಡಿಗಿ ನಾನ ಹೋಗಿ ಬರ್ತೀನಿ. ಆದ್ರ ಅಕ್ಕಗ ಏನೂ ಹೇಳಬ್ಯಾಡ್ರಿ." ವಾಸನೆ ಗಾಡಿಯದೇ ಎಂದು ಆಸೆ ತೋರಿಸಿ ಆಮೇಲೆ ಅಲ್ಲವಾದರೆ ಎಂಬ ಅಂಜಿಕೆ ನನಗೆ.

ಆದರೆ ಡಬ್ಬಿ ತರಲು ಹೋಗುವ ಮೊದಲೇ ದವಾಖಾನೆಯ ಪಾಳಿ ಬಂತು. ಹಳೆಯ ಡಬ್ಬಿಯಲ್ಲೇ ಹೊರಟೆವು. ನಾನು ಓರೆಗಣ್ಣಿನಿಂದ ನೋಡುತ್ತಲೇ ಇದ್ದೆ. ಗಡಿ ದಾಟಿತು, ಪಂಪು ದಾಟಿತು. ಅಕ್ಕನ ಸೆರಗು ಹೆಗಲ ಮೇಲೆಯೇ ಇತ್ತು.

"ವಾಸನಿ?" ಎಂದೆ.

"ಯಾವ ವಾಸನಿ? ಇಲ್ಲಪಾ. ಹೋತು ಅದು."

ಹಿಂದಿನ ದಿನ ಎರಡು ರೊಟ್ಟಿಯನ್ನೂ ಉಂಡಿದ್ದಳು. ಬೇರೆ ಯಾರೇ ಆಗಿದ್ದರೂ ಸಂತೋಷಪಡುತ್ತಿದ್ದರು. ನಾನು ಮಾತ್ರ ಲೆಕ್ಕ ಹಾಕಿದೆ. ತೊಯ್ದ ಡಬ್ಬಿ ಅಲ್ಲೇ ಇದೆ, ವಾಸನೆ ಇರಲೇಬೇಕು. ಇರಬೇಕಾದ ವಾಸನೆಯೇ ಅವಳಿಗೆ ಬರುತ್ತಿಲ್ಲ. ಹಾಗಾದರೆ ಮೊದಲು ಬಂದದ್ದು ಪೆಟ್ರೋಲಿನದಲ್ಲ. ಅದು ಒಳಗಿನದು. ಇವತ್ತೇ ಡಾಕ್ಟರಿಗೆ ಹೇಳಿಬಿಡಬೇಕು ಎಂದು ನಿರ್ಧರಿಸಿ, ದವಾಖಾನೆಯ ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿ ಕುಳಿತೆ. ಪಾಳಿ ಇನ್ನೂ ದೂರವಿತ್ತು. ಅಷ್ಟರಲ್ಲಿ ಅವಳು ಚೀಲದಿಂದ ಒಂದು ಕರವಸ್ತ್ರದ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚಿದೆ. ಅವಳ ಎರಡು ಬಂಗಾರದ ಬಳೆ. ಆಗ ಅವಳ ಕೈ ನೋಡಿದೆ, ಬರಿದಾಗಿದ್ದವು.

"ಮಾರೂದಿದ್ರ ಇವನ್ನ ಮಾರು. ಆಕಿ ಕೊರಳಾಗಿಂದಕ್ಕ ಕೈ ಹಚ್ಚಬ್ಯಾಡ" ಎಂದಳು. ಆಕೆ ಎಂದರೆ ನನ್ನ ಹೆಂಡತಿ.

"ಯಾರು ಏನು ಮಾರಾಕತ್ತಾರಕ್ಕ?"

"ಮುಚ್ಚಬ್ಯಾಡ. ನೀ ಫೋನ್ಯಾಗ ಅಂದದ್ದು ಕೇಳೇನಿ. ಮಿರಜಿಗಿ ಬಂಗಾರದ ಅಂಗಡಿಗಿ ಹೊಂಟೀನಿ, ಅಕ್ಕಗ ಹೇಳಬ್ಯಾಡ್ರಿ ಅಂದಿ."

ಬ ಮತ್ತು ಭ ಬೇರೆ ಬೇರೆ ಎಂದು ವರ್ಷವರ್ಷವೂ ಹುಡುಗರ ಕೈ ಹಿಡಿದು ತಿದ್ದಿಸುವ ಗುರುಜಿ ನಾನು. ನನ್ನ ಸ್ವಂತ ಬಾಯಿಯಿಂದ ಹೊರಟ ಭಕಾರದ ಹೊಟ್ಟೆ ಸೀಳಿರಲಿಲ್ಲ. ಮನೆಯಲ್ಲಿ ಯಾರ ಬಾಯಲ್ಲೂ ಅದು ಸೀಳುವುದಿಲ್ಲ ಬಿಡಿ. ಗುಜರಿ ಅಂಗಡಿಗೆ ಹೊರಟವನನ್ನು ಅಕ್ಕ ತನಗಾಗಿ ಮನೆಯ ಚಿನ್ನ ಮಾರಲು ಹೊರಟವನೆಂದು ತಿಳಿದುಕೊಂಡಿದ್ದಳು. ಭಂಗಾರ, ಇದ್ದಲಿ, ಡಬ್ಬಿ ಎಲ್ಲ ಬಿಡಿಸಿ ಹೇಳಿದೆ. ಹೇಳುತ್ತ ನಗು ಬಂತು, ಎದುರು ಕುಳಿತವರು ನಮ್ಮನ್ನೇ ನೋಡಿದರು. ಅಕ್ಕ ನಗಲಿಲ್ಲ.

"ಮತ್ತ ವಾಸನಿ?" ಎಂದು ಕೇಳಿದೆ.

ಅವಳು ಗೋಡೆ ನೋಡುತ್ತ ಹೇಳಿದಳು. "ಐತಿ. ಇವತ್ತೂ ಇತ್ತು. ಇಲ್ಲ ಅಂದ್ರರ ನೀ ಮಾರೂದು ಬಿಡ್ತಿ ಅಂತ ಅಂದೆ. ರೊಟ್ಟಿನೂ ಹಂಗ ನುಂಗೇನಿ. ಡಾಕ್ಟರು ನಿನ್ನ ಹೊರಗ ಕರದು ಹೇಳಿದ್ದೂ ಗೊತ್ತೈತಿ. ಅವ್ರ ಬಾಗಲಾ ಹಲಗೀದು ತಮ್ಮಾ, ಗ್ವಾಡಿ ಅಲ್ಲ."

ಇಷ್ಟು ದಿನ ನಾನು ಒಬ್ಬನೇ ಹೊತ್ತಿದ್ದೇನೆ ಎಂದುಕೊಂಡದ್ದನ್ನು ಅವಳೂ ಹೊತ್ತಿದ್ದಳು. ಬಳೆಗಳನ್ನು ಅವಳ ಕೈಗೆ ನಾನೇ ತೊಡಿಸಿದೆ. ಅವತ್ತು ಡಾಕ್ಟರಿಗೆ ಇಬ್ಬರೂ ಕೂಡಿಯೇ ಎಲ್ಲ ಹೇಳಿದೆವು. ಅವರು ರಕ್ತ ತಪಾಸಣೆಗೆ ಬರೆದು, ರಿಪೋರ್ಟು ಬರುವುದರೊಳಗೆ ಗಾಡಿ ರಿಪೇರಿ ಮಾಡಿಸಿಕೊಳ್ಳಿ ಎಂದು ಗಂಭೀರವಾಗಿ ಹೇಳಿದರು.

ಮಿರಜಿಯಲ್ಲಿ ಸಿಕ್ಕ ಡಬ್ಬಿ ಬೇರೆ ಯಾವುದೋ ಗಾಡಿಯದು. ಹಳೆಯದರ ಜಾಗದಲ್ಲಿ ಅದು ಕೂಡಲಿಲ್ಲ. "ಕೂಡದಿದ್ದದ್ದ ಚಲೋ ಆತು" ಎಂದು ಬಾಬು ಮಿಸ್ತ್ರಿ ಒಂದು ಕಬ್ಬಿಣದ ಪಟ್ಟಿ ಬಗ್ಗಿಸಿ, ಮುಂದೆ ದೀಪದ ಹಿಂದಿನ ಮೂಲೆಯಲ್ಲಿ, ಗಾಳಿಕಿಂಡಿಯಿಂದ ದೂರ, ಬಿಸಿ ತಾಗದ ಕಡೆ ಅದಕ್ಕೆ ಹೊಸ ಠಾವು ಮಾಡಿದ. ಪೈಪುಗಳನ್ನು ಉದ್ದ ಮಾಡಿದ. ತಪಾಸಣೆಗೆ ಮೂಗಿದ್ದವರು ಬೇಕೆಂದು ಅಕ್ಕನನ್ನು ಕರೆದೊಯ್ದಿದ್ದೆ. ಕಿಟಕಿಯ ಕಾಜು ಏರಿಸಿ, ಪಂಖಾ ಹಚ್ಚಿ, ಎಂಜಿನ್ನು ಚಾಲೂ ಇಟ್ಟು ಅವಳನ್ನು ಒಳಗೆ ಕೂಡಿಸಿದೆವು. ಅವಳು ಕಣ್ಣು ಮುಚ್ಚಿಕೊಂಡು ಕುಳಿತಳು. ನಾವಿಬ್ಬರು ಹೊರಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತೆವು.

"ಐತಿ" ಎಂದಳು. ಮಿಸ್ತ್ರಿ ಒಂದು ಕ್ಲಿಪ್ಪು ಬಿಗಿದ. "ಕಡಿಮಿ ಆತು. ಇನ್ನೂ ಐತಿ, ಈ ಎಡಕ." ಎಡಕ್ಕೆ ಒಂದು ಹಳೆಯ ಪೈಪು ಉಬ್ಬಿಕೊಂಡಿತ್ತು, ಅದನ್ನೂ ಬದಲಿಸಿದ. ಆಮೇಲೆ ಅವಳು ಎರಡು ಸಲ ಉದ್ದಕ್ಕೆ ಉಸಿರೆಳೆದುಕೊಂಡಳು. "ಇಲ್ಲ" ಎಂದಳು.

"ಖರೇ?" ಎಂದೆ.

"ಇಲ್ಲ ಅಂದ್ನೆಲ್ಲ."

"ಇನ್ನೊಮ್ಮೆ ನೋಡಕ್ಕ."

"ಎಷ್ಟ ಸಲಾ ಹೇಳ್ಲಿ?"

ಮೂರು ಸಲ ಹೇಳಿಸಿಕೊಂಡರೂ ನನಗೆ ನಂಬಿಕೆ ಬರಲಿಲ್ಲ. ಹೋದ ವಾರ ನನಗಾಗಿ ಇಲ್ಲ ಎಂದವಳು ಈ ವಾರ ಯಾಕೆ ಅನ್ನಬಾರದು? ಹಳೆಯ ಡಬ್ಬಿಯನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಊರಿನ ದಾರಿ ಹಿಡಿದೆ. ಸಣ್ಣಗೆ ಮಳೆ ಹನಿದು ನಿಂತಿತ್ತು. ದಾರಿಯ ಮೇಲಿನ ಮಾಡಗ್ಯಾಳ ಊರು ಇನ್ನೂ ಬರಬೇಕಿತ್ತು. ಕಾಜು ಏರಿಸಿಯೇ ಇತ್ತು, ಪಂಖಾ ತಿರುಗುತ್ತಿತ್ತು. ಅಕ್ಕ ಒಮ್ಮೆಲೇ ತಲೆ ಎತ್ತಿದಳು.

"ಸಾವಕಾಶ ನಡಸು. ಮುಂದ ಕುರಿ ಅದಾವ. ತೊಯ್ದಾವ."

ಮುಂದೆ ಖಾಲಿ ರಸ್ತೆ, ಜೋಳದ ಹೊಲ, ಒಂದು ತಿರುವು. ಕುರಿ ಎಲ್ಲಿಯೂ ಇರಲಿಲ್ಲ. ಆದರೂ ವೇಗ ಕಡಿಮೆ ಮಾಡಿದೆ. ತಿರುವಿನಲ್ಲಿ ಹೊರಳಿದರೆ ರಸ್ತೆ ತುಂಬ ಕುರಿ; ಉಣ್ಣೆ ತೊಯ್ದು ಮೈಗೆ ಅಂಟಿಕೊಂಡು, ಬಾಗಿದ ಮೂಗಿನ ಮಾಡಗ್ಯಾಳದ ಕುರಿಗಳು, ಹಿಂದೆ ಕಂಬಳಿ ಹೊದ್ದ ಕುರುಬ. ನಾನು ಗಾಡಿ ನಿಲ್ಲಿಸಿದೆ. ಪೆಟ್ರೋಲಿನ ವಾಸನೆ ಕುಳಿತಿದ್ದ ಮೂಗಿಗೆ ಇಷ್ಟು ದೂರದ ಒದ್ದೆ ಉಣ್ಣೆ ಹೇಗೆ ಸಿಕ್ಕೀತು? ಅವಳು ಸುಳ್ಳು ಹೇಳಿರಲಿಲ್ಲ. ಕುರಿಗಳು ಎರಡೂ ಕಡೆಯಿಂದ ಗಾಡಿಯನ್ನು ಒರಸಿಕೊಂಡು ದಾಟುವವರೆಗೆ ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕುಳಿತಿದ್ದೆ. "ಯಾಕೋ?" ಎಂದಳು ಅಕ್ಕ. "ಏನಿಲ್ಲ" ಎಂದೆ.

ರಿಪೋರ್ಟೂ ಮೊದಲಿನಂತೆಯೇ ಇತ್ತು. ಗುಳಿಗೆಯ ಮೇಲೆಯೇ ನಡೆಯಲಿ ಎಂದರು. ಹಾಗೆ ಎರಡು ವರ್ಷ ನಡೆಯಿತು. ಹಳೆಯ ಡಬ್ಬಿಯನ್ನು ಅಕ್ಕ ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟಳು, ನಾನು ಅದನ್ನು ಗೂಡಿನಲ್ಲಿಟ್ಟೆ. ಕೋರ್ಟಿನಲ್ಲಿ ಮುದ್ದೆಮಾಲು ಇಡುವುದಿಲ್ಲವೇ, ಹಾಗೆ. ವಾಸನೆ ಗಾಡಿಯದು, ಅಕ್ಕನದಲ್ಲ ಎಂಬುದಕ್ಕೆ ಅದೊಂದೇ ನನ್ನ ಸಾಕ್ಷಿಯಾಗಿತ್ತು.

ಈಗ ಇವತ್ತಿನ ಮುಂಜಾನೆಗೆ ಬರೋಣ. ಡಬ್ಬಿ ನನ್ನ ಕೈಯಲ್ಲಿ, ಟೆಂಪೋ ಬಾಗಿಲಲ್ಲಿ. ಒಳಗಿನಿಂದ ಅಕ್ಕ ಬಂದು ಹೊಸ್ತಿಲ ಮೇಲೆ ನಿಂತಳು.

"ಕೊಟ್ಟುಬಿಡು ಅದನ್ನ" ಎಂದಳು.

"ಇರ್ಲಿ ಬಿಡಕ್ಕ."

"ಹತ್ತು ದಿನಾತು ನಾ ಗಾಡ್ಯಾಗ ಕುಂತಿಲ್ಲ. ನಾಕು ದಿನದಿಂದ ವಾಸನಿ ಬರಾಕತ್ತೈತಿ. ಈ ಸಲ ಗಾಡೀದಲ್ಲ ತಮ್ಮಾ."

ನಾನು ಖರೇ ಎಂದು ಕೇಳಲಿಲ್ಲ, ಇನ್ನೊಮ್ಮೆ ನೋಡು ಎನ್ನಲಿಲ್ಲ. ಡಬ್ಬಿಯನ್ನು ಭಂಗಾರದವನ ಕೈಗೆ ಕೊಟ್ಟು ಗಾಡಿಯ ಕೀಲಿ ತಂದೆ. ಗಡಿಯಾಚೆಯ ಪಂಪಿನಲ್ಲಿ ನಳಿಗೆ ಟಕ್ ಎಂದಿತು. "ಇನ್ನೊಂದಿಷ್ಟು ಹಿಡಸ್ತೈತ್ರಿ ಗುರುಜಿ" ಎಂದ ಪಂಪಿನವನು. "ಸಾಕಪಾ" ಎಂದಳು ಅಕ್ಕ ಹಿಂದಿನಿಂದ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.

ನಾನು ಕುಳಿತಿರುವುದು ವಿಜಯಪುರದ ದವಾಖಾನೆಯಲ್ಲಿ, ಅದೇ ಬೆಂಚಿನ ಮೇಲೆ. ರಕ್ತ ನೋಡಿದ ಡಾಕ್ಟರು ತಡ ಮಾಡಲಿಲ್ಲ. ಮಶೀನಿನ ಕೋಣೆಯ ಬಾಗಿಲು ಮುಚ್ಚಿದೆ. ಒಳಗೆ ಹೋಗುವ ಮುಂಚೆ ಅಕ್ಕ ಕೈಯ ಬಳೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ನನಗೆ ಕೊಟ್ಟಳು.

"ಇವು ಮಾರಾಕಲ್ಲ. ನಾ ಹೊರಗ ಬರೂತನಾ ಹಿಡಕೊಂಡಿರು" ಎಂದಳು.

ಒಂದು ಕೈಯಲ್ಲಿ ಪೆನ್ನಿದೆ. ಇನ್ನೊಂದರಲ್ಲಿ ಹಿಡಿದುಕೊಂಡಿದ್ದೇನೆ.